ಸಂಕಲನಕ್ಕೊಂದು ಹದಿಹರೆಯ: ತಿದ್ದಿದವರಿಗೆ ಪೂರ್ಣ ಅಂಕ, ಅಚ್ಚು ಮಾಡಿದವರಿಗೆ ಅರ್ಧ

ಬರಹಗಾರರ ಬಳಗವೊಂದು ತರುವ ಸಂಕಲನಕ್ಕೆ ಲೇಖನ ಕೊಡುವುದನ್ನು ಒಂದು ಸೇವೆ ಎಂದು ನೋಡಿ ವಿಮರ್ಶೆ ಬರೆದವರು ಕಡಿಮೆ. ಬರೆದವರಿಗೆ ಹೆಸರು ಅಚ್ಚಾದ ಸಂತೋಷ, ಬರೆಯದವರಿಗೆ ಅದರ ಗೊಡವೆಯೇ ಇಲ್ಲ. ಆದರೆ ನಾವು ಅಲ್ಲಿ ಸಮಯ ಹಾಕುತ್ತೇವೆ, ಮನೆಯ ಗುಟ್ಟು ಹಾಕುತ್ತೇವೆ, ಒಂದು ಕರಾರಿಗೆ ಸಹಿಯನ್ನೂ ಹಾಕುತ್ತೇವೆ. ಔಷಧಿ ಕೊಳ್ಳುವಾಗ ಚೀಟಿ ತಿರುಗಿಸಿ ನೋಡುವ ಜನ ಇದನ್ನೂ ತಿರುಗಿಸಿ ನೋಡಬೇಕಲ್ಲವೇ? ನಾನು ವೃತ್ತಿಯಿಂದ ಫಾರ್ಮಸಿಸ್ಟ್, ಚೀಟಿ ಓದುವುದೇ ಕಸುಬು. ಆ ಕಣ್ಣಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಬಳಗದ ಹೆಸರು ಹಾಕುವುದಿಲ್ಲ. ಅವರಲ್ಲಿ ಯಾರೂ ಸಂಬಳಕ್ಕೆ ದುಡಿಯುವವರಲ್ಲ, ಮತ್ತು ನಾನು ದೂರುವ ಸಂಗತಿಗಳು ಅವರೊಬ್ಬರದೇ ರೋಗವೂ ಅಲ್ಲ.

ಆಹ್ವಾನ ಚಿಕ್ಕದಾಗಿತ್ತು: ‘ದೊಡ್ಡವರಾದದ್ದು’ ಎಂಬ ವಿಷಯ, 1500 ಪದದ ಮಿತಿ, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಟೈಪಿಸಿರಬೇಕು, ಬೇರೆಲ್ಲೂ ಪ್ರಕಟವಾಗಿರಬಾರದು. ಕಥೆಯೋ ನೆನಪೋ ಎಂಬುದನ್ನು ನೀವೇ ಹೇಳಬೇಕು. ಕಡೆಯಲ್ಲೊಂದು ಸಾಲು ಇತ್ತು, ಅದು ನನಗೆ ಹಿಡಿಸಿತು: ‘ಲೇಖನದಲ್ಲಿ ಬರುವ ಯಾರಾದರೂ ಬದುಕಿದ್ದರೆ, ಅವರಿಗೆ ತೋರಿಸಿದ್ದೀರಾ ಎಂದು ತಿಳಿಸಿ.’ ತೋರಿಸಲೇಬೇಕೆಂಬ ಒತ್ತಾಯವಿಲ್ಲ, ಕೇಳಿದ್ದಾರೆ ಅಷ್ಟೇ. ಆ ಒಂದು ಪ್ರಶ್ನೆಯಿಂದಲೇ ಇವರು ಬರಿಯ ಪುಟ ತುಂಬಿಸುವವರಲ್ಲ ಅನ್ನಿಸಿತು.

ನಾನು ಕಳಿಸಿದ್ದು ದನಿ ಒಡೆದ ವರ್ಷದ ಬಗ್ಗೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹಾಡಿಸುತ್ತಿದ್ದವನು ನಾನು. ಒಂದು ಬೆಳಿಗ್ಗೆ ಮೇಲಿನ ಸ್ವರಕ್ಕೆ ಹೋದ ದನಿ ಅಲ್ಲಿಂದ ಜಾರಿ ಎಲ್ಲೋ ಬಿದ್ದಿತು. ಸಾಲಿನಲ್ಲಿದ್ದವರು ಕಿಸಕ್ಕೆಂದರು. ಮಾರನೆಯ ದಿನ ಮೇಷ್ಟರು ಏನನ್ನೂ ಹೇಳದೆ ಇನ್ನೊಬ್ಬ ಹುಡುಗನನ್ನು ಮುಂದೆ ಕರೆದರು. ಆ ವರ್ಷ ಪೂರ್ತಿ ನಾನು ಹಿಂದಿನ ಸಾಲಿನಲ್ಲಿ ನಿಂತು ತುಟಿ ಆಡಿಸಿದೆ. ಇಷ್ಟೇ ಕಥೆ. ಇದಕ್ಕೆ ನಾನು ಮೊದಲ ಕರಡಿನಲ್ಲಿ ಒಂದು ಇಡೀ ಪ್ಯಾರಾ ಶರೀರಶಾಸ್ತ್ರ ತುರುಕಿದ್ದೆ: ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಪ್ರಭಾವದಿಂದ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ಹುಡುಗಿಯರ ದನಿಯೂ ಇಳಿಯುತ್ತದೆ ಆದರೆ ಕೆಲವೇ ಸ್ವರಗಳಷ್ಟು, ಹಾಗಾಗಿ ಯಾರೂ ಗಮನಿಸುವುದಿಲ್ಲ, ಇತ್ಯಾದಿ. ಕಸುಬಿನ ಚಟ.

ಓದುಗರ ಹಂತ ಈ ಬಳಗದ ನಿಜವಾದ ಸರಕು. ಬರೆದವರ ಹೆಸರು ತೆಗೆದು ಪ್ರತಿ ಲೇಖನವನ್ನೂ ಮೂವರು ಸದಸ್ಯರಿಗೆ ಕೊಡುತ್ತಾರೆ. ಅವರು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದ ಹಾಗೆ ಟಿಪ್ಪಣಿ ಹಾಕುತ್ತಾರೆ. ಆಮೇಲೆ ಸಂಪಾದಕಿ ಮೂರನ್ನೂ ಒಟ್ಟಿಗೆ ಕಳಿಸುತ್ತಾರೆ, ತಮ್ಮದೊಂದು ಪತ್ರದ ಜೊತೆ. ನನಗೆ ಬಂದ ಮೊದಲ ಟಿಪ್ಪಣಿಯಲ್ಲಿ ಶರೀರಶಾಸ್ತ್ರದ ಪ್ಯಾರಾಕ್ಕೆ ಅಡ್ಡಗೆರೆ. ‘ಹದಿಮೂರರ ಹುಡುಗನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಅವನ ಕಷ್ಟ’ ಎಂದು ಪಕ್ಕದಲ್ಲಿ. ಎರಡನೆಯವರು ಆ ಪ್ಯಾರಾ ತುಂಬಾ ಇಷ್ಟವಾಯಿತೆಂದು ಬರೆದಿದ್ದರು. ಮೂರನೆಯವರು ಅದರ ಬಗ್ಗೆ ಏನೂ ಹೇಳದೆ, ಎಲ್ಲೋ ಮಧ್ಯದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಅಕ್ಕನ ಸುತ್ತ ಗೆರೆ ಹಾಕಿ ಕೇಳಿದ್ದರು: ‘ಹಾಡು ಕಲಿಸಿದ್ದು ಅಕ್ಕ ಅಂತೀರಿ. ಆ ದಿನ ಅಕ್ಕ ಎಲ್ಲಿದ್ದಳು?’

ಈ ಒಂದು ಪ್ರಶ್ನೆಯ ಸಲುವಾಗಿ ನಾನು ಈ ಬಳಗಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಯಾಕೆಂದರೆ ಅಕ್ಕ ಅದಕ್ಕೂ ಮುಂಚೆಯೇ ಹಾಡುವುದನ್ನು ಬಿಟ್ಟಿದ್ದಳು. ಅವಳ ದನಿ ಒಡೆದಿರಲಿಲ್ಲ. ದೊಡ್ಡವಳಾದೆ, ಇನ್ನು ಎಲ್ಲರೆದುರು ಹಾಡಬೇಡ ಎಂದು ಯಾರೋ ಹೇಳಿದ್ದರು, ಅವಳು ನಿಲ್ಲಿಸಿದ್ದಳು, ಮನೆಯಲ್ಲಿ ಅದು ಸುದ್ದಿಯೇ ಆಗಿರಲಿಲ್ಲ. ನನ್ನ ದನಿ ಹೋದದ್ದು ಮಾತ್ರ ಊಟದ ಹೊತ್ತಿನ ಚರ್ಚೆಯಾಯಿತು. ಇದನ್ನು ನಾನು ಬರೆದಿರಲಿಲ್ಲ. ಬಚ್ಚಿಟ್ಟೆ ಎನ್ನಲಾರೆ, ನನಗದು ಲೇಖನದೊಳಗಿನ ವಿಷಯವಾಗಿ ಕಂಡಿರಲಿಲ್ಲ, ಅಷ್ಟೇ. ಹೆಸರೂ ಗೊತ್ತಿಲ್ಲದ ಓದುಗರೊಬ್ಬರು ಅದನ್ನು ಒಂದೇ ಸಾಲಿನಲ್ಲಿ ಎಳೆದು ತೆಗೆದರು. ಹಣ ಕೊಟ್ಟು ಸಂಪಾದಕರನ್ನು ಗೊತ್ತುಮಾಡಿಕೊಂಡ ಸ್ನೇಹಿತರಿದ್ದಾರೆ ನನಗೆ. ಅವರಿಗೆ ಬಂದದ್ದು ಅಲ್ಪವಿರಾಮದ ತಿದ್ದುಪಡಿ.

ಸಂಪಾದಕಿಯ ಪತ್ರದಲ್ಲಿ ಮೂರು ಟಿಪ್ಪಣಿಗಳ ರಾಜಿ ಇರಲಿಲ್ಲ. ‘ಇಬ್ಬರು ಓದುಗರು ಒಂದೇ ಜಾಗದಲ್ಲಿ ಎಡವಿದರೆ ಜಾಗವನ್ನು ನೋಡಿ, ಅವರು ಹೇಳುವ ಮದ್ದನ್ನು ನೋಡಬೇಡಿ’ ಎಂದಿದ್ದರು. ಮದ್ದಿನ ಮಾತು ನನಗೆ ಕೂಡಲೇ ಅರ್ಥವಾಯಿತು. ಬೆಳೆಯುವ ವಯಸ್ಸಿನ ಬರಹಗಳೆಲ್ಲ ಸಾಮಾನ್ಯವಾಗಿ ಕೆಡುವ ಜಾಗವನ್ನೂ ಅವರು ತೋರಿಸಿದ್ದರು. ಘಟನೆ ನಡೆದಾಗಿನ ಹುಡುಗನೊಬ್ಬ, ಈಗ ಬರೆಯುತ್ತಿರುವ ದೊಡ್ಡವನೊಬ್ಬ, ಇಬ್ಬರೂ ‘ನಾನು’ ಎನ್ನುತ್ತಾರೆ. ದೊಡ್ಡವನು ಪ್ರತಿ ಪ್ಯಾರಾದ ಕೊನೆಗೂ ಬಂದು ಹುಡುಗನ ಪರವಾಗಿ ಮಾತಾಡತೊಡಗಿದರೆ ಹುಡುಗ ಮೂಕನಾಗುತ್ತಾನೆ. ‘ಅಂದು ನನಗೆ ತಿಳಿಯಲಿಲ್ಲ, ಇಂದು ತಿಳಿಯುತ್ತಿದೆ’ ಎಂಬ ಜಾತಿಯ ವಾಕ್ಯಗಳಿಗೆಲ್ಲ ಅವರು ಹಳದಿ ಬಣ್ಣ ಬಳಿದು ಕಳಿಸಿದ್ದರು. ನನ್ನ ಕೊನೆಯ ಪುಟ ಹೆಚ್ಚುಕಡಿಮೆ ಪೂರಾ ಹಳದಿ.

ಹಳದಿ ತೆಗೆದ ಮೇಲೆ ಉಳಿದದ್ದು ಚಿಕ್ಕದಾಯಿತು, ಅಕ್ಕ ಬಂದ ಮೇಲೆ ಮತ್ತೆ ಮಿತಿ ಮುಟ್ಟಿತು. ಪದಮಿತಿಯ ಬಗ್ಗೆ ಅವರು ಕಟ್ಟುನಿಟ್ಟು, ಅದಕ್ಕೆ ಕಾರಣ ಅಚ್ಚಿನ ಮನೆಯದು. ಆಫ್‌ಸೆಟ್ ಮುದ್ರಣದಲ್ಲಿ ದೊಡ್ಡ ಹಾಳೆಯನ್ನು ಅಚ್ಚು ಹಾಕಿ ಮಡಚುತ್ತಾರೆ. ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. 160 ಪುಟವೆಂದರೆ ಸರಿಯಾಗಿ 10 ಫಾರಂ. 163 ಆದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಇಲ್ಲವೇ ಕಡೇಪಕ್ಷ ಅದರ ಕಾಲು ಭಾಗ. ಹಾಗಾಗಿ ‘ಒಂದು ಪ್ಯಾರಾ ತಾನೇ’ ಎಂಬ ವಾದ ನಡೆಯುವುದಿಲ್ಲ. ಆದರೂ ಒಂದು ತಕರಾರು: ಕನ್ನಡಕ್ಕೆ ಪದಗಳ ಲೆಕ್ಕ ಹೊಂದುವುದಿಲ್ಲ. ‘ಹಾಡುತ್ತಿದ್ದವನಲ್ಲವೇ’ ಎಂಬುದು ಒಂದೇ ಪದ. ಅದನ್ನೇ ಬಿಡಿಸಿ ಬರೆದರೆ ಮೂರು. ಸಂಧಿ ಮಾಡಿ ಬರೆಯುವವನಿಗೆ ಲಾಭ, ಬಿಡಿಸಿ ಬರೆಯುವವನಿಗೆ ನಷ್ಟ. ಅಕ್ಷರಗಳ ಲೆಕ್ಕ ಇಟ್ಟರೆ ನ್ಯಾಯವಾಗುತ್ತದೆ, ಪುಟದ ಅಂದಾಜೂ ಸರಿಯಾಗಿ ಸಿಗುತ್ತದೆ. ಹೇಳಿದೆ, ನಕ್ಕು ಸುಮ್ಮನಾದರು.

ಅಕ್ಕನಿಗೆ ತೋರಿಸಿದ್ದರ ಬಗ್ಗೆ ಒಂದು ಮಾತು. ಬಳಗ ಕೇಳದಿದ್ದರೆ ನಾನು ಪುಸ್ತಕ ಬಂದ ಮೇಲೆಯೇ ಕೊಡುತ್ತಿದ್ದೆನೇನೋ. ಕರಡನ್ನು ಅವಳು ನಿಂತುಕೊಂಡೇ ಓದಿದಳು. ಹಾಡಬೇಡ ಎಂದವರು ಯಾರೆಂದು ನಾನು ಬರೆದಿದ್ದೆ. ಅದನ್ನು ತೆಗೆ ಎಂದಳು, ‘ಅವರೊಬ್ಬರೇ ಅಲ್ಲ ಕಣೋ’ ಎಂದಳು. ಇನ್ನೊಂದು ಕಡೆ, ಆ ದಿನ ನಾನು ಮನೆಗೆ ಬಂದು ಹೇಳಿದಾಗ ಅಕ್ಕನ ಕಣ್ಣಲ್ಲಿ ನೀರು ಬಂತೆಂದು ಬರೆದಿದ್ದೆ. ಅವಳ ಪ್ರಕಾರ ಅವಳು ನಕ್ಕಿದ್ದಳು. ಹೊಟ್ಟೆ ಹಿಡಿದು ನಕ್ಕಿದ್ದಳಂತೆ. ನನಗೆ ನೀರು ನೆನಪಿದೆ, ಅವಳಿಗೆ ನಗು. ಸಂಪಾದಕಿಯನ್ನು ಕೇಳಿದೆ, ನೆನಪು ಎಂಬ ಶೀರ್ಷಿಕೆಯಡಿ ಬರುವ ಬರಹದಲ್ಲಿ ಯಾವುದನ್ನು ಇಡುವುದು? ಎರಡನ್ನೂ ಇಡಿ, ಯಾರ ನೆನಪು ಯಾವುದೆಂದು ಹೇಳಿ, ತೀರ್ಪು ಕೊಡಬೇಡಿ ಎಂದರು. ಲೇಖನದಲ್ಲಿ ಈಗ ಜನ ಮೆಚ್ಚಿ ಹೇಳುವ ಸಾಲು ಅದೇ.

ಇನ್ನು ಕರಾರು. ಇಲ್ಲಿ ನಾನು ನನ್ನ ಚೀಟಿ ಓದುವ ಬುದ್ಧಿಗೆ ಕೃತಜ್ಞ. ಮೊದಲು ಬಂದ ನಮೂನೆಯಲ್ಲಿ ‘ಲೇಖನದ ಎಲ್ಲ ಹಕ್ಕುಗಳೂ ಬಳಗಕ್ಕೆ ಸೇರತಕ್ಕದ್ದು’ ಎಂದಿತ್ತು. ದುರುದ್ದೇಶವೇನಲ್ಲ, ಯಾವುದೋ ಹಳೆಯ ನಮೂನೆಯನ್ನು ಯಾರೋ ಎತ್ತಿ ಹಾಕಿದ್ದು. ಆದರೆ ಸಹಿ ಹಾಕಿದರೆ ನಾಳೆ ನನ್ನದೇ ಬರಹವನ್ನು ನನ್ನದೇ ಪುಸ್ತಕದಲ್ಲಿ ಸೇರಿಸಲು ಅವರ ಅಪ್ಪಣೆ ಬೇಕು. ಕೃತಿಸ್ವಾಮ್ಯದ ಬಗೆಗಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ 1886ರಷ್ಟು ಹಳೆಯದು. ಅದನ್ನು ಒಪ್ಪಿದ ದೇಶಗಳಲ್ಲಿ ಬರಹದ ಹಕ್ಕು ಬರೆದವರದು, ನೋಂದಣಿಯ ಹಂಗಿಲ್ಲ. ಸಂಕಲನಕ್ಕೂ, ಅದರ ಆಯ್ಕೆ ಮತ್ತು ಜೋಡಣೆಯ ಕೆಲಸಕ್ಕಾಗಿ, ಬೇರೆಯೇ ಹಕ್ಕುಂಟು. ಆದರೆ ಅದರಿಂದ ಒಳಗಿನ ಬಿಡಿ ಬರಹಗಳ ಹಕ್ಕಿಗೆ ಕುಂದಿಲ್ಲ ಎಂದು ಅದೇ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ಬಳಗಕ್ಕೆ ನಿಜವಾಗಿ ಬೇಕಾದದ್ದು ಇಷ್ಟೇ: ಮೊದಲ ಪ್ರಕಟಣೆಯ ಹಕ್ಕು, ಈ ಪುಸ್ತಕದ ಅಚ್ಚು ಮತ್ತು ಇ-ಪುಸ್ತಕದ ರೂಪಕ್ಕೆ ಅನುಮತಿ, ಮತ್ತು ಒಂದು ನಿರ್ದಿಷ್ಟ ಕಾಲದವರೆಗೆ ಬೇರೆಲ್ಲೂ ಹಾಕುವುದಿಲ್ಲವೆಂಬ ಮಾತು. ನಾನು ಹಾಗೆ ತಿದ್ದಿ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು, ಒಪ್ಪಿದ್ದರು, ಎಲ್ಲರಿಗೂ ಹೊಸ ನಮೂನೆ ಕಳಿಸಿದರು. ತಕರಾರು ತೆಗೆದವನನ್ನು ಹುಳಿ ಮುಖದಿಂದ ನೋಡಲಿಲ್ಲ. ಹಳೆಯ ನಮೂನೆಗೆ ಆಗಲೇ ಸಹಿ ಹಾಕಿದ್ದ ಕೆಲವರಿಗೆ ಯಾಕಿದು ಎಂದೇ ಅರ್ಥವಾಗಿರಲಿಲ್ಲ ಎಂಬುದು ಬೇರೆ ಮಾತು.

ಗೌರವಧನ ಇಲ್ಲ, ಕಟ್ಟಬೇಕಾದ ಶುಲ್ಕವೂ ಇಲ್ಲ. ಒಂದು ಗೌರವ ಪ್ರತಿ. ಹೆಚ್ಚಿನ ಪ್ರತಿ ಕೊಳ್ಳಲೇಬೇಕೆಂಬ ಷರತ್ತು ಇಲ್ಲದಿರುವುದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕು. ‘ಆಯ್ಕೆಯಾಗಿದ್ದೀರಿ, ಇಷ್ಟು ಪ್ರತಿ ಕೊಳ್ಳಿ’ ಎನ್ನುವ ಸಂಕಲನಗಳಿವೆ, ಅವುಗಳ ವ್ಯಾಪಾರವೇ ಬರೆದವರ ಜೇಬಿನ ಮೇಲೆ ನಡೆಯುತ್ತದೆ. ಇದು ಅಂಥದ್ದಲ್ಲ. ಪುಸ್ತಕಕ್ಕೆ ಐಎಸ್‌ಬಿಎನ್ ಇದೆ, 978ರಿಂದ ಶುರುವಾಗುವ 13 ಅಂಕಿಯದು, ಅಚ್ಚಿಗೊಂದು ಇ-ಪುಸ್ತಕಕ್ಕೊಂದು. ಕೆಲವರು ಅದನ್ನೇ ಗುಣಮಟ್ಟದ ಮುದ್ರೆ ಎಂಬಂತೆ ಹೇಳಿಕೊಳ್ಳುತ್ತಿದ್ದರು. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಒಳಗೆ ಏನಿದೆ ಎಂಬುದರ ಬಗ್ಗೆ ಅದಕ್ಕೆ ಅಭಿಪ್ರಾಯವೇ ಇಲ್ಲ.

ಈಗ ಅಚ್ಚಿನ ವಿಷಯ, ಅರ್ಧ ಅಂಕ ಹೋದದ್ದು ಇಲ್ಲೇ. ಲೇಖನಗಳನ್ನು ಯೂನಿಕೋಡ್‌ನಲ್ಲೇ ಕೊಡಿ ಎಂದವರು, ಪುಟ ಕಟ್ಟಲು ಕೊಟ್ಟದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಕೆಲಸ ಮಾಡುವವರಿಗೆ. ಅವರು ಲೇಖನಗಳನ್ನು ಒಂದು ಪರಿವರ್ತಕ ತಂತ್ರಾಂಶದ ಮೂಲಕ ಹಾಯಿಸಿದ್ದಾರೆ. ಯೂನಿಕೋಡ್‌ನಲ್ಲಿ ಅಕ್ಷರಗಳು ಉಚ್ಚಾರದ ಕ್ರಮದಲ್ಲಿ ಕೂರುತ್ತವೆ, ಮೊದಲು ಅರ್ಧ ರ-ಕಾರ, ಆಮೇಲೆ ಮುಂದಿನ ವ್ಯಂಜನ. ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮ, ವ್ಯಂಜನ ಮೊದಲು, ಅರ್ಕಾವತ್ತು ಅದರ ಬೆನ್ನಿಗೆ. ಈ ಅದಲುಬದಲಿನಲ್ಲಿ ಪರಿವರ್ತಕ ತಪ್ಪಿತೋ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ ಅಥವಾ ಮಾಯವಾಗುತ್ತದೆ. ನನ್ನ ಲೇಖನದುದ್ದಕ್ಕೂ ‘ಪ್ರಾರ್ಥನೆ’ ‘ಪ್ರಾಥನೆ’ ಆಗಿತ್ತು. ಪ್ರಾರ್ಥನೆ ಹಾಡಿಸುವ ಹುಡುಗನ ಕಥೆಯಲ್ಲಿ! ಓದಿದವರು ಇವನಿಗೆ ದನಿ ಮಾತ್ರವಲ್ಲ ಕಾಗುಣಿತವೂ ಹೋಗಿದೆ ಎಂದುಕೊಂಡಿರಬಹುದು. ಇನ್ನೊಬ್ಬರ ಕಥೆಯಲ್ಲಿ ‘ಗರ್ವ’ದ ಅರ್ಕಾವತ್ತು ಹೋಗಿ ‘ಗವ’ ಆಗಿ, ಇಡೀ ವಾಕ್ಯ ಒಗಟಾಗಿತ್ತು.

ಕರಡಚ್ಚು ನಮಗೆ ಬಂದಿತ್ತು, ನಾನು ಗುರುತು ಮಾಡಿ ಕಳಿಸಿಯೂ ಇದ್ದೆ. ಆದರೆ ಅವರು ತಿದ್ದುಪಡಿಗಳನ್ನು ಮತ್ತೆ ಮೂಲ ಕಡತದಲ್ಲಿ ಮಾಡಿ, ಮತ್ತೆ ಪರಿವರ್ತಕದ ಮೂಲಕ ಹಾಯಿಸಿದರು. ತಪ್ಪು ಇದ್ದದ್ದು ಮೂಲದಲ್ಲಿ ಅಲ್ಲವಲ್ಲ, ಹಾಗಾಗಿ ಅದೇ ತಪ್ಪು ಅಷ್ಟೇ ನಿಷ್ಠೆಯಿಂದ ಮರಳಿ ಬಂತು. ಪುಟ ಕಟ್ಟುವ ತಂತ್ರಾಂಶಗಳಲ್ಲಿ ಈಗ ಕನ್ನಡ ಯೂನಿಕೋಡ್ ಸರಿಯಾಗಿ ಮೂಡುತ್ತದೆ, ಮುದ್ರಣಕ್ಕೆ ತಕ್ಕ ಮುಕ್ತ ಫಾಂಟುಗಳೂ ಇವೆ. ಪರಿವರ್ತಿಸಬೇಕಾದ ಅಗತ್ಯವೇ ಇರಲಿಲ್ಲ. ನೀವು ಲೇಖನ ಕೊಡುವ ಬಳಗವನ್ನು ಕೇಳಬೇಕಾದ ಮೊದಲ ತಾಂತ್ರಿಕ ಪ್ರಶ್ನೆ ಇದು: ಪುಟ ಕಟ್ಟುವುದು ಯಾವ ಫಾಂಟಿನಲ್ಲಿ? ಉತ್ತರದಲ್ಲಿ ‘ಕನ್ವರ್ಟ್’ ಎಂಬ ಮಾತು ಬಂದರೆ, ಕರಡಚ್ಚಿನಲ್ಲಿ ಬೇರೇನನ್ನೂ ನೋಡುವ ಮುಂಚೆ ಅರ್ಕಾವತ್ತುಗಳನ್ನೂ ಒತ್ತಕ್ಷರಗಳನ್ನೂ ನೋಡಿ. ನೋಡುವುದು ಕೂಡ ಕೊನೆಯ ಪಿಡಿಎಫ್‌ನಲ್ಲಿ. ವರ್ಡ್ ಕಡತವನ್ನು ನೋಡಿ ಒಪ್ಪಿಗೆ ಕೊಟ್ಟರೆ ಪ್ರಯೋಜನವಿಲ್ಲ.

ಸಂಕಲನವಾಗಿ ಪುಸ್ತಕ ಹೇಗಿದೆ? ಲೇಖನಗಳನ್ನು ಕಥಾನಾಯಕರ ವಯಸ್ಸಿನ ಪ್ರಕಾರ ಜೋಡಿಸಿದ್ದಾರೆ, ಒಂಬತ್ತರ ಹುಡುಗಿಯಿಂದ ಇಪ್ಪತ್ಮೂರರ ಯುವಕನವರೆಗೆ. ಯೋಚನೆಯಾಗಿ ಚೆನ್ನಾಗಿದೆ. ಓದುವಾಗ, ನಡುವಿನಲ್ಲಿ, ಹದಿನಾಲ್ಕು-ಹದಿನೈದರವರ ಸಾಲೇ ಸಾಲು ಬರುತ್ತದೆ: ಶಾಲೆ, ಶಾಲೆ, ಮತ್ತೆ ಶಾಲೆ. ನಲವತ್ತು ದಾಟಿದವರನ್ನು ನೆನಪು ಕೇಳಿದರೆ ಹತ್ತರಿಂದ ಮೂವತ್ತರೊಳಗಿನ ವಯಸ್ಸಿನದೇ ಹೆಚ್ಚಾಗಿ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಬಳಗದಲ್ಲಿ ನನ್ನಂಥ ನಡುವಯಸ್ಸಿನವರೇ ಹೆಚ್ಚು, ಅದರ ಮೇಲೆ ವಿಷಯವೂ ಇದೇ, ಗುಂಪುಗೂಡದೆ ಇನ್ನೇನು. ಸಂಪಾದಕಿ ಆ ಸಾಲನ್ನು ಒಡೆಯಬೇಕಿತ್ತು. ನನ್ನ ಲೇಖನದ ಹಿಂದೊಂದು ಮುಂದೊಂದು ಶಾಲೆಯ ಅವಮಾನದ ಕಥೆಯೇ ಇದೆ, ಮೂರನ್ನೂ ಒಟ್ಟಿಗೆ ಓದಿದವರಿಗೆ ಮೇಷ್ಟರುಗಳೆಲ್ಲ ಒಬ್ಬರೇ ಆಗಿ ಕಾಣುತ್ತಾರೆ. ಬದಲಿಗೆ ಇಪ್ಪತ್ತೊಂದರ ವಯಸ್ಸಿನಲ್ಲಿ ಅಪ್ಪನ ಬ್ಯಾಂಕ್ ಕಾಗದಗಳನ್ನು ಮೊದಲ ಬಾರಿ ಬಿಚ್ಚಿ ಓದುವ ಹುಡುಗಿಯ ಬರಹವಿದೆ, ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದದ್ದು. ಅದು ಕಡೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ತಂದು ನಮ್ಮ ನಡುವೆ ಇಟ್ಟಿದ್ದರೆ ನಮಗೂ ಗಾಳಿ ಬರುತ್ತಿತ್ತು.

ಮತ್ತೊಂದು ಕೊರತೆ, ಆಯ್ಕೆ. ಬಂದವುಗಳಲ್ಲಿ ಬಿಟ್ಟದ್ದು ತೀರ ಕಡಿಮೆ ಎಂದು ಕಾಣುತ್ತದೆ. ಬಳಗದವರ ಬರಹವನ್ನು ಬಳಗದವರೇ ಬೇಡವೆನ್ನುವುದು ಕಷ್ಟ, ಒಪ್ಪುತ್ತೇನೆ. ಆದರೆ ತಿದ್ದುವಾಗ ಅಷ್ಟು ನಿರ್ದಾಕ್ಷಿಣ್ಯವಾಗಿದ್ದವರು ಆರಿಸುವಾಗ ಇಷ್ಟು ಮೃದುವಾದದ್ದು ಯಾಕೆ? ಎರಡು ಮೂರು ಬರಹಗಳಲ್ಲಿ ಆ ಹಳದಿ ಸಾಲುಗಳು ಹಾಗೆಯೇ ಉಳಿದಿವೆ, ಬರೆದವರು ತೆಗೆಯಲು ಒಪ್ಪಿಲ್ಲ. ಬರೆದವರ ಕೊನೆಯ ಮಾತನ್ನು ಗೌರವಿಸಿದ್ದು ಸರಿ. ಆದರೆ ಆಗ, ಮುಂದಿನ ಸಲ ನೋಡೋಣ ಎಂದು ಹೇಳುವ ಧೈರ್ಯವೂ ಬೇಕಿತ್ತು.

ಬಿಡುಗಡೆಯ ಕಾರ್ಯಕ್ರಮದ ಬಗ್ಗೆ ಹೇಳುವಂಥದ್ದೇನಿಲ್ಲ. ಭಾಷಣಗಳು ಉದ್ದ, ಓದು ಗಿಡ್ಡ. ಲೇಖಕರ ಪರಿಚಯವನ್ನು 50 ಪದಕ್ಕೆ ಮಿತಿಗೊಳಿಸಿದ್ದು ಮಾತ್ರ ಒಳ್ಳೆಯ ಕೆಲಸ. ಇಲ್ಲದಿದ್ದರೆ ಪ್ರಶಸ್ತಿಗಳ ಪಟ್ಟಿಗೇ ಒಂದು ಫಾರಂ ಬೇಕಾಗುತ್ತಿತ್ತು.

ಹಾಗಾದರೆ ಕೊಡಬೇಕೇ? ನಿಮಗೆ ಬೇಕಾಗಿರುವುದು ಹೆಸರು ಅಚ್ಚಾಗುವುದು ಮಾತ್ರವಾದರೆ, ಇದಕ್ಕಿಂತ ಬೇಗ ಆಗುವ ದಾರಿಗಳಿವೆ. ಇಲ್ಲಿ ತಿಂಗಳುಗಟ್ಟಲೆ ಕಾಯಬೇಕು, ಮೂವರ ಟಿಪ್ಪಣಿ ನುಂಗಬೇಕು, ನೀವೂ ಬೇರೆಯವರ ಮೂರು ಲೇಖನಗಳಿಗೆ ಟಿಪ್ಪಣಿ ಬರೆಯಬೇಕು. ಆ ಕೊನೆಯದನ್ನು ಶಿಕ್ಷೆ ಎಂದು ದೂರಿದವರಿದ್ದಾರೆ. ನನಗೆ ಅದರಿಂದ ಲಾಭವೇ ಆಯಿತು: ಬೇರೆಯವರ ಕರಡಿನಲ್ಲಿ ‘ಅಂದು ತಿಳಿಯಲಿಲ್ಲ’ ಎಂಬ ಸಾಲು ಕಂಡಾಗ ಕೈ ತಾನಾಗಿ ಹಳದಿ ಬಣ್ಣಕ್ಕೆ ಹೋಗುತ್ತದೆ, ನನ್ನದರಲ್ಲಿ ಕಾಣಿಸದಿದ್ದದ್ದು. ಜೊತೆಗೆ ನಿಮ್ಮ ಬರಹದಲ್ಲಿ ನಿಮಗಿಂತ ಹೆಚ್ಚು ಕಳೆದುಕೊಂಡ ಇನ್ನೊಬ್ಬರು ಯಾವುದೋ ಅರ್ಧ ಸಾಲಿನಲ್ಲಿ ಕೂತಿದ್ದಾರೆಂಬ ಗುಮಾನಿ ನಿಮಗಿದ್ದರೆ, ಅವರನ್ನು ಹುಡುಕಿಕೊಡುವ ಓದುಗರು ಈ ಬಳಗದಲ್ಲಿ ಇದ್ದಾರೆ.

ಇ-ಪುಸ್ತಕದಲ್ಲಿ ಅರ್ಕಾವತ್ತುಗಳನ್ನು ಸರಿಪಡಿಸಿದ್ದಾರೆ, ಅದನ್ನು ನೇರವಾಗಿ ಯೂನಿಕೋಡ್ ಕಡತದಿಂದಲೇ ಮಾಡಿದ್ದರಿಂದ. ಅಚ್ಚಿನ ಪ್ರತಿಗಳು ಮುಗಿಯುವವರೆಗೆ ಅದರಲ್ಲಿ ಪ್ರಾಥನೆಯೇ. ಮುಂದಿನ ಸಂಕಲನದ ವಿಷಯ ‘ಮೊದಲ ಕೆಲಸ’ ಎಂದು ಪ್ರಕಟಿಸಿದ್ದಾರೆ. ಪುಟ ಕಟ್ಟುವವರನ್ನು ಬದಲಿಸಿದ್ದೀರಾ ಎಂದು ಕೇಳಿ ಬರೆದಿದ್ದೇನೆ, ಉತ್ತರ ಬಂದ ಮೇಲೆ ಕಳಿಸುತ್ತೇನೆ. ಅಕ್ಕನೂ ಒಂದು ಬರೆದಿದ್ದಾಳೆ, ಅವಳು ಉತ್ತರಕ್ಕೆ ಕಾಯದೆ ಆಗಲೇ ಕಳಿಸಿಯಾಗಿದೆ.